ನಮ್ಮ ಬೀದಿಯ ಮೋಟಾರುಗಳು

ನಲ್ಲಿಯಲ್ಲಿ ನೀರು ಬರುವ ದಿನ ನಮ್ಮ ಬೀದಿಯಲ್ಲಿ ಯಾರೂ ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಮೊದಲು ಹಾಗಿರಲಿಲ್ಲ. ಬೀದಿಯ ತುದಿಯ ಖಾಲಿ ಜಾಗದಲ್ಲಿ ಆರು ಅಂತಸ್ತಿನ ಕಾಂಪ್ಲೆಕ್ಸ್ ಎದ್ದ ಮೇಲೆ ಹಾಗಾಯಿತು. ಕೆಳಗೆ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ನಡುವೆ ಜಿಮ್ಮು, ಮೇಲೆ ಹೋಟೆಲು. ಇಷ್ಟೆಲ್ಲಕ್ಕೂ ನೀರು ನಮ್ಮ ಬೀದಿಯ ಹಳೇ ಪೈಪಿನಿಂದಲೇ. ಇಷ್ಟೆಲ್ಲದರ ಗಲೀಜೂ ನಮ್ಮ ಬೀದಿಯ ಹಳೇ ಒಳಚರಂಡಿಗೇ. ನಾಲ್ಕು ಮನೆಗಳಿಗೆ ಅಂತ ಹಾಕಿದ ಲೈನು ಅದು. ಅನುಮತಿಗೆ ಸಹಿ ಹಾಕಿದವರಿಗೆ ಇಷ್ಟು ಸಣ್ಣ ವಿಷಯ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ನಾನು ಇದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಇಲ್ಲಿ ಎಲ್ಲರ ಅಳತೆಯೂ ಗೊತ್ತು, ಎಲ್ಲರ ಜಗಳವೂ ಗೊತ್ತು. ಹಾಗಾಗಿ ನಡೆದದ್ದನ್ನು ನಾನೇ ಹೇಳುತ್ತೇನೆ.

ಕಾಂಪ್ಲೆಕ್ಸ್ ಶುರುವಾದ ಮೇಲೆ ನಲ್ಲಿ ನೀರು ದಾರದಷ್ಟು ಸಣ್ಣಗಾಯಿತು. ನೀರಿನ ಕಚೇರಿಗೆ ಫೋನ್ ಮಾಡಿದರೆ ‘ನೋಡ್ತೀವಿ’ ಅಂದರು. ಮತ್ತೆ ಮಾಡಿದರೆ ‘ನೋಡ್ತಾ ಇದೀವಿ’ ಅಂದರು. ಆಗ ಮೊದಲ ಮನೆಯವರು ಒಂದು ಉಪಾಯ ಹುಡುಕಿದರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರನ್ನು ತಂದು ನೇರವಾಗಿ ಬೀದಿಯ ಪೈಪಿಗೇ ಜೋಡಿಸಿದರು. ಅವರ ಮನೆಯಲ್ಲಿ ನೀರು ಧುಮ್ಮಿಕ್ಕಿತು. ಪಕ್ಕದ ಮನೆಯ ನಲ್ಲಿ ಒಣಗಿತು. ಪಕ್ಕದವರು ಹೊಟ್ಟೆ ಉರಿದುಕೊಂಡು ಅದಕ್ಕಿಂತ ದೊಡ್ಡ ಮೋಟಾರು ತಂದರು. ನೋಡನೋಡುತ್ತಿದ್ದಂತೆ ಮನೆಗೊಂದು ಮೋಟಾರಾಯಿತು, ನಮ್ಮನೆಯದೂ ಸೇರಿ. ನೀರು ಕಿತ್ತುಕೊಂಡ ಕಾಂಪ್ಲೆಕ್ಸು ಬೀದಿಯ ತುದಿಯಲ್ಲಿ ಲೈಟು ಹಾಕಿಕೊಂಡು ನಿಂತಿತ್ತು. ನಾವು ಮಾತ್ರ ಪಕ್ಕದ ಮನೆಯವರ ಮೇಲೆ ಹಲ್ಲು ಮಸೆಯುತ್ತಿದ್ದೆವು.

ಎಲ್ಲರಿಗಿಂತ ದೊಡ್ಡ ಮೋಟಾರು ಕೊನೆಯ ಮನೆಯ ಗೇಟಪ್ಪನದು. ವೆಲ್ಡಿಂಗ್ ಶೆಡ್ ಇಟ್ಟುಕೊಂಡು ಸುತ್ತಮುತ್ತಲ ಮನೆಗಳಿಗೆಲ್ಲ ಗೇಟು ಮಾಡಿಕೊಟ್ಟು ಆ ಹೆಸರು ಸಂಪಾದಿಸಿದವನು. ಕಾಂಪ್ಲೆಕ್ಸಿನ ಶಟರುಗಳನ್ನು ಮಾಡಿದ್ದೂ ಅವನೇ. ಅವನ ಮಗಳು ಅಲ್ಲಿನ ಬಟ್ಟೆ ಅಂಗಡಿಯಲ್ಲೇ ಬಿಲ್ ಹಾಕುತ್ತಿದ್ದಳು. ಅವಳ ಗಂಡ ಲಾರಿ ಓಡಿಸುವವನು, ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಹೀಗಾಗಿ ಅವಳು ಅಪ್ಪನ ಮನೆಯಲ್ಲೇ ಇದ್ದಳು. ಏಳು ತಿಂಗಳು ತುಂಬಿದ ಬಸುರಿ. ನನ್ನ ಅಂಗಡಿಗೆ ಬಂದು ಮೆತ್ತಗಿನ ಬಟ್ಟೆ ಆರಿಸಿ, ಕೂಸಿಗೆ ಅಂಗಿ ಹೊಲಿಯಲು ಕೊಟ್ಟು ಹೋಗಿದ್ದಳು.

ಗೇಟಪ್ಪನ ಹೆಂಡತಿಯ ತಂಗಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಒಂದು ರಜೆಯ ದಿನ ಅಕ್ಕನ ಮನೆಗೆ ಬಂದವಳು ಬಕೆಟ್ಟಿನ ನೀರು ಮೂಸಿ ಮುಖ ಸಿಂಡರಿಸಿದಳು. ಆಮೇಲೆ ಅಂಗಳಕ್ಕೆ ಬಂದು ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡಿದಳು. ನಾನು ಬ್ಲೌಸ್ ಕೊಡಲು ಹೋದವಳು ಅಲ್ಲೇ ನಿಂತಿದ್ದೆ.

“ಭಾವ, ಈ ಮೋಟಾರು ತೆಗೀರಿ,” ಅಂದಳು.

“ತೆಗೆದು? ನೀರು ನಿನ್ನ ಆಸ್ಪತ್ರೆಯಿಂದ ಹೊತ್ಕೊಂಡು ಬರ್ಲಾ?” ಅಂತ ಗೇಟಪ್ಪ ನಕ್ಕ.

ಅವಳು ನಗಲಿಲ್ಲ. “ತೂತಾದ ಸ್ಟ್ರಾದಲ್ಲಿ ಜ್ಯೂಸ್ ಹೀರಿದ್ರೆ ಗಾಳಿ ಬರುತ್ತೆ ಅಲ್ವಾ ಭಾವ? ನೆಲದೊಳಗಿನ ಪೈಪೂ ಹಾಗೇ. ತುಂಬಿ ಹರೀತಿದ್ರೆ ಒಡಕಿನಿಂದ ನೀರು ಆಚೆ ಹೋಗುತ್ತೆ. ನೀವೆಲ್ಲ ಮೋಟಾರು ಹಾಕಿ ಎಳೆದ್ರೆ ಆಚೆ ಇರೋದು ಒಳಗೆ ಬರುತ್ತೆ. ಆಚೆ ಏನಿದೆ ಅಂತ ನೋಡಿದೀರಾ?”

ಆಚೆ ಏನಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಕಾಂಪ್ಲೆಕ್ಸಿನ ಹೋಟೆಲು ತುಂಬಿದ ದಿನ ಮ್ಯಾನ್‌ಹೋಲ್ ಉಕ್ಕಿ ಬೀದಿಯಲ್ಲಿ ಹರಿಯುತ್ತಿತ್ತು. ನಾವು ಸೀರೆ ಎತ್ತಿಕೊಂಡು, ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಅದೇ ಮಣ್ಣಿನಲ್ಲಿ ನಮ್ಮ ಕುಡಿಯುವ ನೀರಿನ ಪೈಪು ಮಲಗಿದೆ ಅಂತ ಒಬ್ಬರೂ ಯೋಚಿಸಿರಲಿಲ್ಲ.

ಗೇಟಪ್ಪ ಸುಲಭಕ್ಕೆ ಬಗ್ಗುವವನಲ್ಲ. ನೀರು ತಿಳಿಯಾಗಿಯೇ ಇದೆಯಲ್ಲ ಅಂದ. ಕಾಂಪ್ಲೆಕ್ಸ್ ಬಂದ ಮೇಲೆ ತಾನೇ ಈ ಬೀದಿಗೆ ಬೆಲೆ ಬಂದದ್ದು, ತನಗೆ ಕೆಲಸ ಸಿಕ್ಕಿದ್ದು, ಮಗಳಿಗೆ ನೌಕರಿ ಸಿಕ್ಕಿದ್ದು, ಎಲ್ಲದಕ್ಕೂ ಕೊಂಕು ತೆಗೆಯಬೇಡ ಅಂದ. ಕೊನೆಗೆ ಮನಸ್ಸಿನಲ್ಲಿದ್ದ ಮಾತು ಹೊರಗೆ ಬಂತು.

“ನಾನೊಬ್ಬ ತೆಗೆದ್ರೆ ಉಳಿದವರು ತೆಗೀತಾರಾ? ನನ್ನ ಪಾಲಿನ ನೀರೂ ಅವರ ಟ್ಯಾಂಕಿಗೇ ಹೋಗುತ್ತೆ, ಅಷ್ಟೇ.”

ಬೀದಿಯಲ್ಲಿ ಪ್ರತಿಯೊಬ್ಬರೂ ಇದೇ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೆವು. ನರ್ಸು ನಿಟ್ಟುಸಿರು ಬಿಟ್ಟು, ಬಸುರಿ ಹುಡುಗಿಗಾದರೂ ನೀರು ಚೆನ್ನಾಗಿ ಕುದಿಸಿ ಕೊಡಿ ಅಂತ ಅಕ್ಕನಿಗೆ ಹೇಳಿ ಹೋದಳು. ಅಕ್ಕ ಕುಡಿಯುವ ನೀರನ್ನು ಕುದಿಸಿದಳು. ಆದರೆ ಹುಡುಗಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದು ನಲ್ಲಿ ನೀರಿನಲ್ಲಿ. ಹಣ್ಣು ತೊಳೆದು ತಿಂದದ್ದೂ ಅದೇ ನೀರಿನಲ್ಲಿ. ಇದೂ ಕುಡಿದ ಹಾಗೇ ಅಂತ ಅವರಿಗೆ ಹೊಳೆಯಲಿಲ್ಲ.

ಮೊದಲು ಬೀದಿಯ ಒಂದೆರಡು ಮನೆಗಳಲ್ಲಿ ವಾಂತಿಭೇದಿ ಶುರುವಾಯಿತು. ಹೊರಗಡೆ ತಿಂದಿರಬೇಕು ಅಂದುಕೊಂಡೆವು. ಆಮೇಲೆ ಗೇಟಪ್ಪನ ಮಗಳಿಗೆ ಜ್ವರ ಬಂತು, ಊಟ ಸೇರದಾಯಿತು. ಬಸುರಿನಲ್ಲಿ ವಾಕರಿಕೆ ಇದ್ದದ್ದೇ ಅಂತ ಅವಳ ಅಮ್ಮ ಸಮಾಧಾನ ಹೇಳಿದಳು. ವಿಷಯ ತಿಳಿದು ನರ್ಸು ಓಡಿಬಂದಳು. ಅಕ್ಕನ ಮಗಳ ಕೆಳರೆಪ್ಪೆ ಎಳೆದು ನೋಡಿದಳು. ಕಣ್ಣಿನ ಬಿಳಿ ಹಳದಿಯಾಗಿತ್ತು. ತಕ್ಷಣ ಆಟೋ ಕರೆಸಿದಳು.

ಕೊಳಕು ನೀರಿನಿಂದ ಬರುವ ಕಾಮಾಲೆ ಅಂದರು ಡಾಕ್ಟರು. ಗಟ್ಟಿಮುಟ್ಟಾದವರನ್ನೇ ಮಲಗಿಸಿಬಿಡುತ್ತೆ, ಬಸುರಿಯರಿಗಂತೂ ಜೀವಕ್ಕೇ ಅಪಾಯ ಅಂದರು. ಹುಡುಗಿ ಉಳಿದಳು. ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಹೆಣ್ಣುಮಗು.

ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ. ವಿಧಿ ಅಂತ ಹೇಳಿ ಕೈ ತೊಳೆದುಕೊಳ್ಳಲು ಬಂದವರಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಪೈಪು ಹಾಕದೆ ಕಟ್ಟಡ ಕಟ್ಟಿದ್ದು ವಿಧಿಯಲ್ಲ.

ಆಸ್ಪತ್ರೆಯಿಂದ ಬಂದ ಗೇಟಪ್ಪ ಸೀದಾ ಶೆಡ್ಡಿಗೆ ಹೋಗಿ ಕಬ್ಬಿಣದ ಸರಳು ಎತ್ತಿಕೊಂಡ. ಕಾಂಪ್ಲೆಕ್ಸಿನ ಗಾಜು ಒಂದೂ ಉಳಿಸುವುದಿಲ್ಲ ಅಂತ ಹೊರಟ. ಅವನ ಹಿಂದೆ ಬೀದಿಯ ಗಂಡಸರೂ ಹೊರಟರು. ನರ್ಸು ಗೇಟಿಗೆ ಅಡ್ಡ ನಿಂತಳು.

“ಹೋಗಿ ಭಾವ, ಒಡೆದು ಬನ್ನಿ. ನಾಳೆ ಅವರು ಹೊಸ ಗಾಜು ಹಾಕಿಸ್ತಾರೆ. ನೀವು ಸ್ಟೇಷನ್ನಲ್ಲಿ ಕೂತಿರ್ತೀರಿ. ಪೈಪಲ್ಲಿ ಇರೋದು ಮಾತ್ರ ಪಕ್ಕದ ಮನೆ ಮಕ್ಕಳ ಹೊಟ್ಟೆಗೆ ಹೋಗ್ತಾನೇ ಇರುತ್ತೆ. ನನಗೂ ಸಿಟ್ಟಿದೆ. ನನ್ನ ಕೈಯಾರೆ ಆ ಕೂಸನ್ನ ಬಟ್ಟೆಯಲ್ಲಿ ಸುತ್ತಿ ಬಂದಿದೀನಿ.”

ಗೇಟಪ್ಪ ಸರಳು ಕೆಳಗಿಟ್ಟ. ಸ್ಪ್ಯಾನರ್ ತಂದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಮೋಟಾರು ಬಿಚ್ಚಿದ. ಅದನ್ನು ಎತ್ತಿ ಬೀದಿಗೆಲ್ಲ ಕಾಣುವ ಹಾಗೆ ಕಾಂಪೌಂಡಿನ ಮೇಲಿಟ್ಟ. ನಮ್ಮ ಕಡೆ ತಿರುಗಿದಾಗ ಅವನ ಕಣ್ಣು ಕೆಂಡವಾಗಿತ್ತು.

“ನನ್ನ ಪಾಲಿನ ನೀರು ಯಾರ ಟ್ಯಾಂಕಿಗೆ ಬೇಕಾದ್ರೂ ಹೋಗ್ಲಿ. ನನ್ನ ಮೋಟಾರು ಇನ್ನೊಬ್ಬರ ಮಗೂನ ತಿನ್ನಬಾರದು.”

ಆ ಸಂಜೆಯೊಳಗೆ ಬೀದಿಯ ಕಾಂಪೌಂಡುಗಳ ಮೇಲೆಲ್ಲ ಮೋಟಾರುಗಳು ಕೂತಿದ್ದವು. ಮೊದಲ ಮನೆಯವರು ಮಾತ್ರ ಮೀನಮೇಷ ಎಣಿಸಿದರು. ಹೆಂಗಸರೆಲ್ಲ ಸೇರಿ ಅವರ ಬಾಗಿಲಲ್ಲೇ ಕೂತೆವು, ಬೈಯಲಿಲ್ಲ, ಎದ್ದೂ ಹೋಗಲಿಲ್ಲ. ಅವರೂ ಬಿಚ್ಚಿದರು.

ಮರುದಿನ ಬೀದಿಗೆ ಬೀದಿಯೇ ನೀರಿನ ಕಚೇರಿಗೆ ಹೋಯಿತು. ಇಂಜಿನಿಯರು ಹಾರಿಕೆಯ ಉತ್ತರ ಕೊಟ್ಟು ನಮ್ಮ ಮೂಗಿಗೆ ತುಪ್ಪ ಸವರಲು ನೋಡಿದರು. ನೀರು ಪರೀಕ್ಷೆಗೆ ತೆಗೆದುಕೊಳ್ಳುವವರೆಗೂ ಏಳುವುದಿಲ್ಲ ಅಂದೆವು. ಫೋನಿನಲ್ಲಿ ಒಬ್ಬೊಬ್ಬರೇ ಕೇಳಿದಾಗ ಕೇಳಿಸದ ಮಾತು, ಎಲ್ಲರೂ ಎದುರಿಗೆ ಕೂತಾಗ ಕೇಳಿಸಿತು. ನೀರು ಕುಡಿಯಲು ಯೋಗ್ಯವಲ್ಲ ಅಂತ ವರದಿ ಬಂತು. ನೆಲ ಅಗೆದರು. ಕಾಂಪ್ಲೆಕ್ಸಿನ ಗಲೀಜಿನ ಪೈಪನ್ನು ನಮ್ಮ ಚರಂಡಿಗೆ ಜೋಡಿಸುವಾಗ ಜೆಸಿಬಿ ತಗುಲಿ ಕುಡಿಯುವ ನೀರಿನ ಪೈಪು ಬಿರುಕು ಬಿಟ್ಟಿತ್ತು. ಯಾರೋ ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಮಣ್ಣು ಮುಚ್ಚಿ ಹೋಗಿದ್ದರು. ಆ ಚೀಲವನ್ನು ಗೇಟಪ್ಪನ ಹೆಂಡತಿ ನೋಡುತ್ತಾ ನಿಂತಳು. ಅವಳ ಮುಖ ನೋಡಲು ನಮಗ್ಯಾರಿಗೂ ಆಗಲಿಲ್ಲ.

ಪೈಪು ರಿಪೇರಿಯಾಯಿತು. ಅಷ್ಟಕ್ಕೇ ಸುಮ್ಮನಾಗಬೇಡಿ ಅಂದಳು ನರ್ಸು. ಕಾಂಪ್ಲೆಕ್ಸಿನ ಎದುರಿಗೇ ಇನ್ನೊಂದು ಕಟ್ಟಡ ಬರಲಿತ್ತು. ಅದರ ಬಗ್ಗೆ ಜನರ ಮಾತು ಕೇಳಲು ಸಭೆ ಇದೆ ಅಂತ ಕಚೇರಿಯ ಗೋಡೆಗೆ ನೋಟೀಸು ಅಂಟಿಸಿದ್ದರು. ವಿಚಾರಿಸಿದರೆ, ಮೊದಲ ಕಟ್ಟಡಕ್ಕೂ ಇಂಥದ್ದೇ ಸಭೆ ನಡೆದಿತ್ತಂತೆ. ನಮ್ಮ ಬೀದಿಯಿಂದ ಒಂದು ನರಪಿಳ್ಳೆಯೂ ಹೋಗಿರಲಿಲ್ಲ. ಯಾರೂ ಬಾರದಿದ್ದಕ್ಕೆ ಯಾರದ್ದೂ ತಕರಾರಿಲ್ಲ ಅಂತ ಬರೆದುಕೊಂಡು ಸಭೆ ಮುಗಿಸಿದ್ದರು.

ಈ ಸಲ ಕೂರಲು ಕುರ್ಚಿ ಸಾಲಲಿಲ್ಲ. ಕಟ್ಟಡದವರ ಮ್ಯಾನೇಜರು ಪರದೆಯ ಮೇಲೆ ಕಾರಂಜಿ, ಹುಲ್ಲುಹಾಸು, ಗಾಜಿನ ಲಿಫ್ಟು ಎಲ್ಲ ತೋರಿಸಿದ. ಗೇಟಪ್ಪನನ್ನು ಗುರುತಿಸಿ, ಯಜಮಾನ್ರೇ ನೀವಿದ್ದೀರಲ್ಲ, ಇದರ ಶಟರೂ ನಿಮ್ಮ ಕೈಯಲ್ಲೇ ಮಾಡಿಸೋಣ ಅಂದ.

“ಮೊದಲು ಚರಂಡಿ ಹಾಕ್ಸಿ,” ಅಂದ ಗೇಟಪ್ಪ. “ಆಮೇಲೆ ಶಟರಿನ ಮಾತು.”

ಆಗ ಅವನ ಮಗಳು ಎದ್ದು ನಿಂತಳು. ಇನ್ನೂ ಬಿಳಿಚಿಕೊಂಡಿದ್ದಳು. ಬರಬೇಡ ಅಂತ ಅಮ್ಮ ಎಷ್ಟು ಹೇಳಿದರೂ ಕೇಳದೆ ಬಂದಿದ್ದಳು.

“ಈ ಕಟ್ಟಡಕ್ಕೆ ನೀರು ಯಾವ ಪೈಪಿಂದ ಬರುತ್ತೆ? ಇದರ ಕಕ್ಕಸಿನ ನೀರು ಯಾವ ಪೈಪಿಗೆ ಹೋಗುತ್ತೆ?”

“ಇರೋ ಲೈನೇ ಸಾಕಾಗುತ್ತೆ ಮೇಡಂ,” ಅಂದ ಮ್ಯಾನೇಜರು, ನಗುನಗುತ್ತಲೇ.

“ಇರೋ ಲೈನಿಗೆ ನನ್ನ ಮಗು ಹೋಯ್ತು,” ಅಂದಳು ಹುಡುಗಿ. “ಇನ್ನೆಷ್ಟು ಮಕ್ಕಳು ಹೋದ್ರೆ ಸಾಕಾಗಲ್ಲ ಅಂತ ನಿಮಗೆ ಗೊತ್ತಾಗುತ್ತೆ?”

ಮ್ಯಾನೇಜರು ಪರದೆಯ ಮೇಲಿನ ಕಾರಂಜಿಯ ಚಿತ್ರ ಆಫ್ ಮಾಡಿದ. ಹೊಸ ನೀರಿನ ಲೈನು, ಹೊಸ ಒಳಚರಂಡಿ ಆಗುವವರೆಗೂ ಈ ಕಟ್ಟಡಕ್ಕೆ ಅನುಮತಿ ಇಲ್ಲ ಅಂತ ಸಭೆ ನಡೆಸುತ್ತಿದ್ದ ಅಧಿಕಾರಿ ಎಲ್ಲರೆದುರೇ ಹೇಳಿದರು. ಹೇಳಿದ್ದನ್ನು ನಾವು ನಂಬಿ ಕೂತಿಲ್ಲ. ಸರದಿಯ ಮೇಲೆ ಕಚೇರಿಗೆ ಹೋಗಿ ಕೇಳುತ್ತಲೇ ಇದ್ದೇವೆ. ಗೇಟಪ್ಪ ಶೆಡ್ಡು ಮುಚ್ಚಿ ಬರುತ್ತಾನೆ, ನಾನು ಹೊಲಿಗೆ ಬಿಟ್ಟು ಹೋಗುತ್ತೇನೆ. ನೀರು ಈಗಲೂ ಸಣ್ಣಗೇ ಬರುತ್ತದೆ. ಆದರೆ ಕೊನೆಯ ಮನೆಯವರೆಗೂ ಬರುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಯ್ಯೋ ಪಾಪ ಅಂದು ಸುಮ್ಮನಾಗಬೇಡಿ. ನಿಮ್ಮ ಬೀದಿಯ ತುದಿಯಲ್ಲೂ ಒಂದು ಕಟ್ಟಡ ಏಳುತ್ತಿರಬಹುದು. ಅದಕ್ಕೆ ನೀರೆಲ್ಲಿಂದ, ಅದರ ಗಲೀಜೆಲ್ಲಿಗೆ, ಈ ಎರಡು ಮಾತನ್ನು ಕಟ್ಟುವ ಮೊದಲೇ ಕೇಳಿ. ಸಭೆ ಯಾವಾಗ ಅಂತ ಕಚೇರಿಯಲ್ಲಿ ವಿಚಾರಿಸಿ, ಒಬ್ಬರೇ ಹೋಗದೆ ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿ. ನೀರಿನ ಬಣ್ಣ, ವಾಸನೆ ಬದಲಾದರೆ ಅವತ್ತೇ ತಿಳಿಸಿ. ಅಲ್ಲಿಯವರೆಗೆ ಕುಡಿಯಲು, ಬಾಯಿ ಮುಕ್ಕಳಿಸಲು, ಹಣ್ಣು ತರಕಾರಿ ತೊಳೆಯಲು ಕುದಿಸಿ ಆರಿಸಿದ ನೀರನ್ನೇ ಬಳಸಿ. ಬಸುರಿಯರಿಗೆ ಜ್ವರ, ವಾಂತಿ ಬಂದರೆ, ಕಣ್ಣು ಹಳದಿಯಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಿಟ್ಟು ಬರಲಿ, ಬರಲೇಬೇಕು. ಅದನ್ನು ಪಕ್ಕದ ಮನೆಯ ನಲ್ಲಿಯ ಮೇಲೆ ತೀರಿಸಿಕೊಳ್ಳಬೇಡಿ. ಈಗಲೇ ಎದ್ದು ಹೋಗಿ ನಿಮ್ಮ ಮನೆಗೆ ಬರುವ ಪೈಪನ್ನು ನೋಡಿ. ಬೀದಿಯ ಪೈಪಿಗೆ ಮೋಟಾರು ನೇರ ಜೋಡಿಸಿದ್ದರೆ ಇವತ್ತೇ ಬಿಚ್ಚಿ. ಪಕ್ಕದವರು ಮೊದಲು ಬಿಚ್ಚಲಿ ಅಂತ ಕಾಯಬೇಡಿ, ನಾವು ಕಾದು ಕೆಟ್ಟಿದ್ದೇವೆ.