ಒಂದೇ ಹೆಬ್ಬೆಟ್ಟಿನ ಚೌಕ

"ಬಾಯಿ ಮುಚ್ಚ್ರೇ, ಮುಂಡೇರಾ! ಕೇಳಿದ್ದು ಒಬ್ಬಳನ್ನ. ಹನ್ನೊಂದು ಬಾಯಿ ಯಾಕ್ರೇ ತೆಗೀತೀರಿ?"

ಮೇಸ್ತ್ರಿ ಮೇಜು ಗುದ್ದಿದ ರಭಸಕ್ಕೆ ವಿಚಾರಣೆಗೆ ಬಂದಿದ್ದ ಸಾಹೇಬರ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಎತ್ತಿಕೊಡಲು ಹಂಡೆ ಕೆಲಸದ ಕುಳ್ಳಿ ಬಗ್ಗಿದಳು. ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿರುವುದು ಆಮೇಲೆ ನೆನಪಾಯಿತು. ಬಟ್ಟೆ ಹಿಂಡುವ ಅಕ್ಕ ಪೆನ್ನೆತ್ತಿ ಮೇಜಿನ ಮೇಲಿಟ್ಟು, ಹಾಗೇ ಕುಳ್ಳಿಯ ಹಣೆಗೆ ಬಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

ಅದು ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೊಠಡಿ. ಬಟ್ಟೆ ಕುದಿಸುವ ಹಂಡೆಯ ಮುಚ್ಚಳದ ಹಿಡಿ ಮುರಿದಿದೆಯೆಂದು ಹೆಂಗಸರು ಮೂರು ಸಲ ಹೇಳಿದ್ದರು. "ನಿಮ್ಮಪ್ಪ ಮಾಡಿಸ್ಕೊಡ್ತಾನೇನ್ರೇ?" ಎಂದಿದ್ದ ಮೇಸ್ತ್ರಿ. ಮೊನ್ನೆ ಮುಚ್ಚಳ ಜಾರಿ, ಕುದಿನೀರು ಕುಳ್ಳಿಯ ಕೈಯನ್ನು ಬೇಯಿಸಿತು. ತೂಕಡಿಸುತ್ತ ತಾನೇ ಚೆಲ್ಲಿಕೊಂಡಳೆಂದು ಮೇಸ್ತ್ರಿ ಬರೆದುಕೊಟ್ಟಿದ್ದ. ಆ ಮಾತೇ ನಿಜವೆಂದು ನಿಂತರೆ ಅವಳ ಕೆಲಸವೂ ಹೋಯಿತು, ಕೈಯ ಮದ್ದೂ ಹೋಯಿತು.

"ನೀನೇ ಹೇಳಮ್ಮ," ಎಂದರು ಸಾಹೇಬರು.

"ಆವತ್ತು ಸ್ವಾಮಿ, ಹಂಡೆ ಕುದೀತಾ ಇತ್ತು. ಮುಚ್ಚಳಕ್ಕೆ ಹಿಡಿ ಇರ್ಲಿಲ್ಲ..." ಕುಳ್ಳಿ ನಿಲ್ಲಿಸಿದಳು.

"ಮುಂದೆ?"

"ಮುಂದಿಂದು ನನ್ ಹತ್ರ ಇಲ್ಲ ಸ್ವಾಮಿ. ಹಿಂಡೋ ಅಕ್ಕನ ಹತ್ರ ಇರುತ್ತೆ."

ಅವಳು ಸುಳ್ಳಾಡಿರಲಿಲ್ಲ. ಆ ಕೊಠಡಿಯಲ್ಲಿ ಕಥೆ ಬಟ್ಟೆಯ ಜೊತೆಗೇ ಸಾಗುತ್ತಿತ್ತು. ಹಂಡೆಯ ಬಳಿ ಶುರುವಾದದ್ದು ಹಿಂಡುವವಳ ಕೈಯಲ್ಲಿ ತಿರುಚಿಕೊಂಡು, ಇಸ್ತ್ರಿಯಲ್ಲಿ ಸುಕ್ಕು ಕಳೆದುಕೊಂಡು, ಮಡಚುವ ಅಜ್ಜಿಯ ಬಾಯಲ್ಲಿ ಮುಗಿಯುತ್ತಿತ್ತು. ಹದಿನಾಲ್ಕು ವರ್ಷದಿಂದ ಹಂಡೆಯ ಮುಂದೆ ನಿಂತ ಕುಳ್ಳಿಗೆ ಗೊತ್ತಿದ್ದದ್ದು ಬರೀ ಮೊದಲುಗಳು. ತನ್ನ ಕೈ ಬೆಂದ ಕಥೆಯನ್ನೂ ಅವಳು ಶುರುಮಾಡಿ ಮುಂದಕ್ಕೆ ಕಳಿಸಿಬಿಟ್ಟಿದ್ದಳು.

ಅಕ್ಕ ಎತ್ತಿಕೊಂಡಳು: "ನಾವು ಮೂರು ಸಲ ಹೇಳಿದ್ವಿ. ಇವ್ನು ನಮ್ಮಪ್ಪನ್ನ ಎಳೆದ." ಅಲ್ಲಿಗೆ ಅವಳದೂ ನಿಂತಿತು.

"ನಾವು ಕಿರುಚ್ಕೊಂಡಾಗ ಬಾಗಿಲಲ್ಲಿ ನಿಂತು ಹಲ್ಲು ಚುಚ್ಕೋತಿದ್ದ ಭಾಡ್ಕಾವ್," ಎಂದಳು ಇಸ್ತ್ರಿ ಅತ್ತೆ. "ಮೊದ್ಲು ಹಂಡೇಲಿರೋ ಬಟ್ಟೆ ತೆಗೀರಿ, ಕೈ ಆಮೇಲೆ ಅಂದ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಇನ್ನು ನಾವು ಈ ಹಂಡೆ ಮುಟ್ಟಲ್ಲ," ಎಂದಳು ಅಜ್ಜಿ. "ಮುಗೀತು."

ಕಥೆಯೊಂದರ ಕೊನೆ ಕುಳ್ಳಿಯ ಕಿವಿಗೆ ಬಿದ್ದದ್ದು ಅದೇ ಮೊದಲು. ಚೆನ್ನಾಗಿದೆ ಅನ್ನಿಸಿತು.

ಸಾಹೇಬರು ಬೆವರೊರೆಸಿಕೊಂಡರು. "ಎಲ್ಲಾ ಬರ್ಕೊಂಡೆ. ಆದ್ರೆ ಹೇಳಿದವರು ಯಾರು? ಇಲ್ಲಿರೋದು ಒಂದೇ ಹೆಸರಿಗೆ ಜಾಗ, ಒಂದೇ ಹೆಬ್ಬೆಟ್ಟಿಗೆ ಚೌಕ. 'ನಾವು' ಅನ್ನೋರು ಯಾವ ಕಡತದಲ್ಲೂ ಇಲ್ಲಮ್ಮ."

"ಒತ್ರೇ ನೋಡೋಣ," ಮೇಸ್ತ್ರಿ ನಕ್ಕ. "ಒತ್ತಿದವಳು ನಾಳೆ ಗೇಟಿನಾಚೆ."

ಕುಳ್ಳಿ ಎಡಗೈಯ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಚೌಕದಲ್ಲಿ ಒತ್ತಿದಳು. ಅದರ ಮೇಲೇ ಅಕ್ಕ ಒತ್ತಿದಳು. ಅದರ ಮೇಲೆ ಅತ್ತೆ. ಹನ್ನೊಂದನೆಯವಳಾಗಿ ಅಜ್ಜಿ ಒತ್ತುವ ಹೊತ್ತಿಗೆ ಚೌಕವಿರಲಿಲ್ಲ, ಮಸಿಯ ಕೆರೆಯಿತ್ತು.

"ಕೊಡ್ರಿ ಇಲ್ಲಿ ಆ ದರಿದ್ರಾನ!" ಮೇಸ್ತ್ರಿ ಕಾಗದಕ್ಕೆ ಕೈ ಹಾಕಿದ. ಸಾಹೇಬರು ಬಿಡಲಿಲ್ಲ. ಎಳೆದಾಟದಲ್ಲಿ ಮೇಸ್ತ್ರಿಯ ಹೆಬ್ಬೆರಳು ಹಸಿ ಮಸಿಯಲ್ಲಿ ಜಾರಿ ಪಕ್ಕದ ಬಿಳಿ ಜಾಗಕ್ಕೆ ಒತ್ತಿಕೊಂಡಿತು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. ಇಡೀ ಹಾಳೆಯಲ್ಲಿ ಗೆರೆ ಎಣಿಸುವಷ್ಟು ನಿಚ್ಚಳವಾಗಿದ್ದದ್ದು ಅದೊಂದೇ.

"ಸದ್ಯ, ಹೇಳಿದವರು ಒಬ್ರು ಸಿಕ್ಕಿದ್ರಲ್ಲ!" ಎಂದು, ಹೇಳಿಕೆ ಕೊಟ್ಟವರ ಹೆಸರಿನ ಗೆರೆಯ ಮೇಲೆ ಮೇಸ್ತ್ರಿಯ ಹೆಸರನ್ನು ದುಂಡಗೆ ಬರೆಯತೊಡಗಿದರು. ಅವರು ಬರೆದು ಮುಗಿಸುವಷ್ಟರಲ್ಲಿ ಹೆಂಗಸರು ಹಂಡೆಯ ಕೆಳಗಿನ ಉರಿಗೆ ನೀರು ಹುಯ್ದಿದ್ದರು.