ಹದಿನಾಲ್ಕನೇ ದಿನ

ಸತ್ತವನ ಹೆಸರಲ್ಲಿ ಉತ್ತರ ಬರೆಯೆಂದು ಅರ್ವೋನ ಹೆಂಡತಿ ಐಲಿಗೆ ಅವನನ್ನು ಮಣ್ಣು ಮಾಡಿದ ದಿನವೇ ಹೇಳಲಾಯಿತು. ಹೇಳಿದವನು ಅವಳ ಒಡಹುಟ್ಟಿದ ತಮ್ಮ ರೈಮೊ.

ಅವಳು ಆಗ ಕೊಕ್ಕೊಲಾ ಊರಿನ ಚರ್ಚಿನ ಊಟದ ಮನೆಯಲ್ಲಿ ಮೀನು ಹಾಸಿದ ಬ್ರೆಡ್ ಕೇಕನ್ನು ಕೊಯ್ಯುತ್ತಿದ್ದಳು.

"ನಾಲ್ಕು ಗಂಟೆಯೊಳಗೆ ಆಗ್ಬೇಕು ಅಕ್ಕ. ಒಂದೇ ಸಾಲು. 'ನೋಡಿದೆ, ಸರಿಯಿದೆ' ಅಂತ. ಪಾಸ್‌ವರ್ಡ್ ನಿಂಗೆ ಗೊತ್ತಲ್ಲ."

"ಚಾಕು ನನ್ನ ಕೈಲಿದೆ ರೈಮೊ. ಸ್ವಲ್ಪ ದೂರ ನಿಂತು ಮಾತಾಡು."

ಪಕ್ಕದ ಮನೆಯ ಮುದುಕಿ ಸೈಮಿ ಕಪ್ಪು ಜೋಡಿಸುತ್ತಲೇ ಕಿಸಕ್ಕೆಂದಳು. "ಪಾಪ, ಸತ್ತ ಮೇಲೂ ಅರ್ವೋಗೆ ರಜಾ ಇಲ್ವೇನೋ!"

ಅರ್ವೋ ಊರಿನ ನೀರಿನ ಪಂಪು ನೋಡಿಕೊಳ್ಳುತ್ತಿದ್ದವನು. ಮಿಕ್ಕ ಹೊತ್ತೆಲ್ಲ, ಯಾರು ಬೇಕಾದರೂ ಬಿಟ್ಟಿ ಬಳಸಬಹುದಾದ ಒಂದು ಕಂಪ್ಯೂಟರ್ ವ್ಯವಸ್ಥೆಗೆ ದುಡಿದ. ಲೋಕದಲ್ಲಿ ಯಾರ್ಯಾರೋ ಬರೆದ ಸಾಫ್ಟ್‌ವೇರನ್ನು ಅದಕ್ಕೆ ಹೊಂದುವಂತೆ ತಿದ್ದಿ, ಪ್ಯಾಕೇಜು ಕಟ್ಟಿ, ಹೊಸದು ಬಂದಾಗಲೆಲ್ಲ ಬಿಚ್ಚಿ ಮತ್ತೆ ಕಟ್ಟುವ ಕೆಲಸ. ಇನ್ನೂರ ಹನ್ನೆರಡು ಪ್ಯಾಕೇಜುಗಳ ತಲೆಯ ಮೇಲೆ ಪಾಲಕನೆಂದು ಅವನ ಹೆಸರು. ಅವುಗಳಲ್ಲೊಂದು ರೈಮೊನ ಕಂಪನಿ ಮಾರುವ ಆಸ್ಪತ್ರೆ ಯಂತ್ರಗಳೊಳಗೆ ಕೂತಿತ್ತು. ಆ ಕಂಪನಿಯ ಸಂತಾಪಪತ್ರವನ್ನು ಈಗಷ್ಟೇ ಎದ್ದು ನಿಂತು ಓದಿದ್ದರು. ಬೆಲೆ ಕಟ್ಟಲಾಗದ ಸೇವೆ ಎಂದಿತ್ತು. ಕಟ್ಟಿರಲೂ ಇಲ್ಲ.

ಆ ಪ್ಯಾಕೇಜಿನಲ್ಲಿ ಕಳ್ಳರು ನುಗ್ಗಬಹುದಾದ ತೂತು ಕಂಡು ಕಂಪನಿಯೇ ತಿದ್ದುಪಡಿಯ ತೇಪೆ ಕಳಿಸಿತ್ತು. ಅದಕ್ಕೆ ಪಾಲಕ ಹೂಂ ಅನ್ನಬೇಕು. ಹದಿನಾಲ್ಕು ದಿನ ಅವನು ತುಟಿ ಬಿಚ್ಚದಿದ್ದರೆ ಹೆಸರು ಅಳಿಯುತ್ತದೆ, ಬೇರೆ ಯಾರಾದರೂ ತಮ್ಮ ಹೆಸರು ಹಾಕಿ ಹೆಗಲು ಕೊಡಬೇಕು. ಅರ್ವೋ ಬೆಳಿಗ್ಗೆ ಸತ್ತ, ತೇಪೆ ಅವತ್ತೇ ಸಂಜೆ ನಾಲ್ಕಕ್ಕೆ ಬಂತು. ಮಣ್ಣಿಗೆ ಎರಡು ವಾರ ಕಾಯುವುದು ಇಲ್ಲಿನ ವಾಡಿಕೆ. ಇವತ್ತಿಗೆ ಹದಿನಾಲ್ಕು.

*

ಎಂಟು ವರ್ಷದ ಹಿಂದೆ, ಕೆರೆದಂಡೆಯ ಮರದ ಮನೆಯಲ್ಲಿ, ಉಗಿಸ್ನಾನದ ಸೌನಾ ಕೋಣೆಯ ಕಲ್ಲು ಕಾದು ಕಾದು ಆರಿಹೋಗಿತ್ತು. ಅರ್ವೋ ಜಗಲಿಯಲ್ಲಿ ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದ. 'ನನ್ನಿಂದ ಇನ್ನಾಗದು, ಯಾರಾದರೂ ತಗೊಳ್ಳಿ' ಎಂದು ಅವತ್ತು ಆ ವ್ಯವಸ್ಥೆಗೆ ದುಡಿಯುವ ಎಲ್ಲರಿಗೂ ಬರೆದಿದ್ದ.

"ಅರವತ್ತೊಂದು ಉತ್ತರ ಬಂದಿದೆ ಐಲಿ."

"ಯಾರು ತಗೊಂಡ್ರು?"

"ಎಲ್ಲಾ ಥ್ಯಾಂಕ್ಸ್ ಹೇಳಿದಾರೆ."

"ಹಂಗಾದ್ರೆ ಬಿಟ್ಟು ಬಾ, ಮಾರಾಯ."

"ಹ್ಯಾಗ್ ಬಿಡ್ಲಿ? ಯಾವುದೋ ಊರಲ್ಲಿ ಯಾರೋ ಹಾಸಿಗೇಲಿ ಮಲಗಿರ್ತಾರೆ."

ಆಮೇಲೆ ಅವನ ಕೈ ನಡುಗತೊಡಗಿತು. ಅವನು ಹೇಳಿದ, ಅವಳು ಕೀಲಿ ಒತ್ತಿದಳು. ಆ ಕೆಲಸದ ಬೋನಿಗೆ ಇಬ್ಬರಾದರು.

*

ರೈಮೊ ಅರ್ವೋನ ಲ್ಯಾಪ್‌ಟಾಪನ್ನೇ ತಂದು ಕೇಕಿನ ಪಕ್ಕ ಬಿಚ್ಚಿಟ್ಟ. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

"ನಿಮ್ಮಲ್ಲಿ ಎಷ್ಟು ಜನ ಇಂಜಿನಿಯರು?" ಐಲಿ ಕೇಳಿದಳು.

"ನಲವತ್ತು."

"ಒಬ್ರ ಹೆಸರು ಹಾಕಿ."

"ನಮ್ಮ ವಕೀಲರು ಬಿಡಲ್ಲ ಅಕ್ಕ. ಹೆಸರು ಹಾಕಿದ್ರೆ ಹೊಣೆ ನಮ್ಮ ಕುತ್ತಿಗೆಗೆ ಬರುತ್ತೆ."

"ಅದಕ್ಕೇ ಕುತ್ತಿಗೆ ಇಲ್ಲದೋನನ್ನ ಹುಡುಕ್ಕೊಂಡು ಬಂದ್ರಾ?"

ರೈಮೊ ದನಿ ತಗ್ಗಿಸಿದ. "ಭಾವ ಏನನ್ನೋರು? ಯಾವುದೋ ಊರಲ್ಲಿ ಯಾರೋ ಹಾಸಿಗೇಲಿ..."

ಚಾಕು ನಿಂತಿತು. ಐಲಿ ಕೈ ಒರೆಸಿಕೊಂಡು ಕೂತಳು. ಬೆರಳಿಗೆ ದಾರಿ ಗೊತ್ತಿತ್ತು. ಪಾಸ್‌ವರ್ಡ್ ಬಿತ್ತು, ಪುಟ ತೆರೆಯಿತು. ಮೇಲೆ ಅರ್ವೋನ ಹೆಸರು, ಕೆಳಗೆ ಖಾಲಿ ಚೌಕ. 'ನೋಡಿದೆ' ಎಂದು ಒತ್ತಿದಳು. ಯಾರು ನೋಡಿದ್ದು? ಒಂದೊಂದೇ ಅಕ್ಷರ ಅಳಿಸಿದಳು.

"ಮಲಗಿರೋರು ಇದ್ದಾರೆ. ನಾಲ್ಕು ಹೊಡೆದ ಮೇಲೆ ನಿನ್ನ ಹೆಸರು ಹಾಕು."

"ನಂದಾ?"

"ಇನ್ಯಾರದು? ಬದುಕಿದೀಯಲ್ಲ."

ಅವನು ಲ್ಯಾಪ್‌ಟಾಪನ್ನು ಮತ್ತೆ ಅವಳತ್ತ ತಳ್ಳಿದ. ಅಷ್ಟರಲ್ಲಿ ಸೈಮಿ ಹೊಗೆಯಾಡುವ ಕಾಫಿ ಪಾತ್ರೆ ಹೊತ್ತು ಬಂದಳು. "ಕೈ ಸುಡ್ತಿದೆ ಕಣೇ, ಎಲ್ಲಿಡ್ಲಿ?"

ಐಲಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು. "ಇಲ್ಲಿಡು."

ಪಾತ್ರೆ ಮುಚ್ಚಳದ ಮೇಲೇ ಕೂತಿತು.

"ಅಕ್ಕ! ತೆಗಿ ಅದನ್ನ!"

"ತೆಗೆಯಲ್ಲ," ಎಂದು ಐಲಿ ಅವನ ಕೈಗೊಂದು ಖಾಲಿ ಕಪ್ಪು ಕೊಟ್ಟಳು.