ಕ್ವಾನ್ ಮಿಂಗ್‌ಹೋಯ್, ವಯಸ್ಸು ಒಂಬತ್ತು

"ನಿಮ್ಮಜ್ಜಿ ಬಂದು ಕೂತಿದ್ದಾರೆ," ಎಂದಳು ಕೆಳಗಿನ ಸ್ವಾಗತ ಮೇಜಿನ ಬರ್ನಿಸ್, ಫೋನಿನಲ್ಲಿ. "ಕಿತ್ತಳೆ ತಂದಿದ್ದಾರೆ. ನನಗೂ ಒಂದು ಕೊಟ್ರು."

ಅಡೆಲ್ ಕ್ವಾನ್ ಟೈಪ್‌ರೈಟರಿನಿಂದ ಕೈ ತೆಗೆದಳು. ಅವಳ ಇಬ್ಬರು ಅಜ್ಜಿಯರೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಪ್ಪನ ತಾಯಿಯನ್ನಂತೂ ಅವಳು ಕಂಡೇ ಇರಲಿಲ್ಲ. ಆಕೆ ಚೀನಾದಲ್ಲೇ ಸತ್ತಿದ್ದಳು.

"ಯಾರೋ ತಪ್ಪಿ ಬಂದಿರಬೇಕು."

"ನಿನ್ನ ಹೆಸರೇ ಹೇಳ್ತಿದ್ದಾರೆ ಕಣೆ. ಅದೊಂದು ಬಿಟ್ಟು ಬೇರೇನೂ ನನಗೆ ಅರ್ಥ ಆಗ್ಲಿಲ್ಲ. ಕೆಳಗೆ ಬಾ."

ಬರ್ನಿಸ್‌ಳ ಮೇಜಿನೆದುರು ಮುದುಕಿಯೊಬ್ಬಳು, ಯಾರಾದರೂ ಎಬ್ಬಿಸಿಯಾರು ಎಂಬಂತೆ, ಸೋಫಾದ ತುದಿಯಲ್ಲಿ ಕೂತಿದ್ದಳು. ಹತ್ತಿ ತುಂಬಿದ ನೀಲಿ ಕೋಟು, ಬಟ್ಟೆಯ ಕಪ್ಪು ಶೂ. ಗೋಡೆಯ ಮೇಲೆ ಚಾನೆಲ್ಲಿನ ಸುದ್ದಿ ಓದುವವರ ಫೋಟೋಗಳಿದ್ದವು; ಕೊನೆಯದು ಅಡೆಲ್‌ಳದು. ಅವಳು ಇಲ್ಲಿಗೆ ಟೈಪಿಸ್ಟ್ ಆಗಿ ಬಂದವಳು. ಆಮೇಲೆ ವರ್ಷಕ್ಕೊಮ್ಮೆ ಚೀನೀ ಹೊಸವರ್ಷದ ಮೆರವಣಿಗೆಯ ಮುಂದೆ ನಿಲ್ಲಿಸಿ ನಾಲ್ಕು ಮಾತು ಹೇಳಿಸುತ್ತಿದ್ದರು. ಒಂದು ಸಂಜೆ ಓದಬೇಕಾದವನು ಬರಲಿಲ್ಲ, ಬೇರೆ ಯಾರೂ ಸಿಗಲಿಲ್ಲ, ಅವಳನ್ನು ಕೂರಿಸಿದರು. ವಾರವಿಡೀ ಫೋನು ಬಂದವು. ಅವಳನ್ನು ತೆಗೆಯಿರಿ ಎಂದವರು ಹೆಚ್ಚು. ಆದರೂ ಮೂರು ವರ್ಷಗಳಿಂದ ಸಂಜೆ ಆರರ ಸುದ್ದಿ ಅವಳದೇ.

ಅವಳು ಹತ್ತಿರ ಬಂದದ್ದೇ ಮುದುಕಿ ಎದ್ದು ನಿಂತು, ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಕಿವಿ ನಮ್ಮ ಕಡೇದಲ್ಲ," ಎಂದಳು ಚೀನಾದ ಹೊಯ್‌ಪಿಂಗ್ ಸೀಮೆಯ ಮಾತಿನಲ್ಲಿ; ಅಡೆಲ್‌ಳ ಮನೆಮಾತೂ ಅದೇ. "ಹೆಂಗಾದೀತು ಬಿಡು. ಟಿವೀಲಿ ನೋಡೋವಾಗ ಒಂದೊಂದ್ಸಲ ಹಣೆ ಅವನದೇ ಅನ್ನಿಸೋದು. ನೀನು ಕ್ಷೌರದಂಗಡಿ ಮಿಂಗ್‌ಹೋಯ್ ಮಗಳಲ್ವ?"

"ಹೌದು ಅಜ್ಜಿ. ನೀವು ಯಾರು?"

"ನಾನು ಮಿಂಗ್‌ಹೋಯ್‌ನ ಹೆತ್ತೋಳು."

ಅಡೆಲ್ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಅಪ್ಪನ ನಿಜವಾದ ಹೆಸರು ಮಿಂಗ್‌ಹೋಯ್ ಅಲ್ಲ. ಅವರು ಕ್ವಾನ್ ವಂಶದವರೂ ಅಲ್ಲ. ಅವರು ಸೀತೋ ಬಾಕ್‌ಕ್ಯೂ. ಅಮೆರಿಕ ಚೀನೀಯರನ್ನು ಒಳಗೆ ಬಿಡದ ಕಾಲದಲ್ಲಿ, ಇಲ್ಲಿನ ಪ್ರಜೆಯಾಗಿ ನೆಲೆಸಿದ್ದ ಒಬ್ಬ ಕ್ವಾನ್‌ನಿಂದ ಅವನ ಸತ್ತ ಮಗನ ಹೆಸರಿನ ಪ್ರವೇಶದ ಕಾಗದ ಕೊಂಡು, ಆ ಮಗ ತಾನೇ ಎಂದು ಹೇಳಿ ಹಡಗಿನಿಂದ ಇಳಿದಿದ್ದರು. ಹಾಗೆ ಬಂದವರನ್ನು ಸರ್ಕಾರ ಕ್ಷಮಿಸುತ್ತದೆ ಎಂದಾಗ ಹೆದರಿ ಹೆದರಿ ಹೋಗಿ ನಿಜ ಹೇಳಿದ್ದೂ ಆಯಿತು. ಆದರೆ ಅಷ್ಟರಲ್ಲಿ ಮಗಳು ಕ್ವಾನ್ ಎಂದೇ ಟಿವಿಯಲ್ಲಿ ಕೂತಿದ್ದಳು. ಈ ಚಳಿಗಾಲದಲ್ಲಿ ಎದೆನೋವು ಬಂದ ಮೇಲೆ ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ: "ನಮ್ಮ ಹೆಸರನ್ನ ಒಂದ್ಸಲ ಅಲ್ಲಿ ಹೇಳಮ್ಮ." ಮುಂದಿನ ಸೋಮವಾರದಿಂದ ಅವಳು ಅಡೆಲ್ ಸೀತೋ ಎಂದು ಚೀನೀ ಪತ್ರಿಕೆಯಲ್ಲೂ ಬಂದಿತ್ತು.

"ಪೇಪರಲ್ಲಿದ್ದದ್ದನ್ನ ನನ್ನ ತಂಗಿ ಮಗ ಓದಿ ಹೇಳ್ದ," ಎಂದಳು ಮುದುಕಿ. "ನಿಮ್ಮಪ್ಪನ ಹತ್ರ ಕರ್ಕೊಂಡ್ ಹೋಗು. ಜಗಳಕ್ಕೆ ಬಂದಿಲ್ಲ."

*

ಚೈನಾಟೌನಿನ ಓಣಿಯಲ್ಲಿದ್ದ ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ಅಪ್ಪ ಕತ್ತಿ ಮಸೆಯುತ್ತಿದ್ದರು. ಯಾರೆಂದು ಅಡೆಲ್ ಹೇಳಿದ ಮೇಲೂ ಕೈ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಮಸೆಯುತ್ತಲೇ ಇತ್ತು. ಆಮೇಲೆ ಕತ್ತಿ ಮಡಚಿಟ್ಟು, ಕ್ಷೌರದ ಕುರ್ಚಿಯನ್ನು ಒರೆಸಿ, "ಕೂತ್ಕೊಳ್ಳಿ ಅಮ್ಮ," ಎಂದರು.

ಕುರ್ಚಿಯಲ್ಲಿ ಮುದುಕಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಎದುರಿನ ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತ ಹೇಳಿದಳು:

"ಒಂಬತ್ತು ತುಂಬಿತ್ತು. ಜ್ವರ ಬಂತು, ಹೋದ. ಗಂಡ ಇಲ್ಲಿಂದ ಹೇಳಿ ಕಳಿಸ್ದ, ಸತ್ತ ಅಂತ ಯಾರ ಹತ್ರಾನೂ ಅನ್ಬೇಡ, ಕಾಗದದಲ್ಲಿ ಅವನು ಬದುಕಿರ್ಲಿ ಅಂತ. ಗದ್ದೆ ಬದೀಲಿ ಹೂತ್ವಿ. ಗುರುತಿಗೆ ಒಂದು ಕಲ್ಲೂ ಇಡ್ಲಿಲ್ಲ. ಅಮೆರಿಕದಲ್ಲಿ ಇರೋ ಹುಡುಗನಿಗೆ ಊರಲ್ಲಿ ಯಾಕೆ ಗೋರಿ? ನಾನು ಬಾಯಿಬಿಟ್ಟು ಅಳೋ ಹಾಗೂ ಇರ್ಲಿಲ್ಲ."

"ಊರವರಿಗೆ ಗೊತ್ತಾಗ್ಲಿಲ್ವ ಅಜ್ಜಿ?"

"ಎಲ್ಲರಿಗೂ ಗೊತ್ತಿತ್ತು. ಅವರವರ ಮನೇಲೂ ಇಂಥದ್ದಿತ್ತಲ್ಲ. ಮಗ ಹೇಗಿದ್ದಾನೆ ಅಂತ ಕೇಳೋರು. ಚೆನ್ನಾಗಿದ್ದಾನೆ ಅಂತಿದ್ದೆ. ಮದ್ವೆ ಮಾಡಿಸ್ದೆ. ಅಂಗಡಿ ಹಾಕಿಸ್ದೆ. ಬಾಯಲ್ಲೇ ಬೆಳೆಸ್ದೆ ಅವನನ್ನ." ಅವಳು ಅಡೆಲ್‌ಳ ಕಡೆ ತಿರುಗಿದಳು. "ಅವನಿಗೆ ಒಬ್ಬಳು ಮಗಳಿದ್ದಾಳೆ ಅಂತಾನೂ ಹೇಳಿದ್ದೆ. ಹೋದ ವರ್ಷ ಇಲ್ಲಿಗೆ ಬಂದೆ. ಟಿವಿ ಹಾಕಿದ್ರೆ ನೀನು ಕೂತಿದ್ದೀಯ."

ಮುದುಕಿ ಕೋಟಿನ ಗುಂಡಿಯನ್ನು ತಿರುವುತ್ತಿದ್ದಳು.

"ಶುಕ್ರವಾರ ಶುಕ್ರವಾರ ನೀನು ಒಂದಷ್ಟು ಹುಡುಗರ ಹೆಸರು ಓದ್ತೀಯ. ಯುದ್ಧದಲ್ಲಿ ಸತ್ತೋರು ಅಂತ ಮನೇಲಿ ಹೇಳಿದ್ರು. ನಾಳೆ ಶುಕ್ರವಾರ. ನನ್ನ ಮಗನದೂ ಓದಿಬಿಡು. ನಮ್ಮ ಮಾತಲ್ಲಿ ಓದು, ನನಗೆ ತಿಳೀಬೇಕು."

"ಅಜ್ಜಿ, ನಾನು ಏನು ಓದ್ಬೇಕು ಅನ್ನೋದನ್ನ ಬೇರೆಯವರು ತೀರ್ಮಾನ ಮಾಡ್ತಾರೆ."

"ಹೆಸರು ಬದಲಾಯಿಸೋದನ್ನ ನೀನೇ ಮಾಡ್ದೆಯಲ್ಲ. ನನ್ನ ಮಗನ ಹೆಸರು ವಾಪಸ್ ಕೊಡೋದಾದ್ರೆ ನನ್ನ ಕೈಗೆ ಕೊಡಿ. ಸುಮ್ನೆ ಬಿಸಾಕಿ ಹೋಗ್ಬೇಡಿ."

"ಬೇಡ ಅಮ್ಮ," ಎಂದರು ಅಪ್ಪ. ದನಿ ಒರಟಾಗಿತ್ತು. "ಈ ಓಣೀಲಿ ನನ್ನ ಹಾಗೆ ಬಂದೋರು ಎಷ್ಟೋ ಜನ ಇನ್ನೂ ಬಾಯಿ ಬಿಟ್ಟಿಲ್ಲ. ಅವರ ಎದೆ ನಡುಗುತ್ತೆ. ಮಿಂಗ್‌ಹೋಯ್ ಸತ್ತ ಅಂತ ಟಿವೀಲಿ ಬಂದ್ರೆ, ನಾಳೆಯಿಂದ ಇಲ್ಲಿ ಕ್ಷೌರ ಮಾಡೋನು ಯಾರು, ದೆವ್ವಾನ?"

"ಇಷ್ಟು ದಿನ ಮತ್ತೆ ಯಾರು ಮಾಡ್ತಿದ್ರು?" ಎಂದಳು ಮುದುಕಿ, ಮೆಲ್ಲಗೆ.

ಅಪ್ಪ ನೆಲದ ಮೇಲಿದ್ದ ಕೂದಲನ್ನು ಗುಡಿಸತೊಡಗಿದರು. ಒಂದೇ ಜಾಗವನ್ನು ಮತ್ತೆ ಮತ್ತೆ ಗುಡಿಸಿದರು. ಕೊನೆಗೆ ತಲೆಯೆತ್ತದೆಯೇ ಹೇಳಿದರು: "ನಿಮ್ಮ ಮನೆ ಸಾಲಲ್ಲಿ ಕೊನೇದು. ಬಾಗಿಲಲ್ಲಿ ಒಡೆದ ಬೀಸುವ ಕಲ್ಲು. ಕಂದು ನಾಯಿ, ಕುಂಟು. ಮಿಂಗ್‌ಹೋಯ್ ಮಲಗ್ತಿದ್ದದ್ದು ಅಜ್ಜಿ ಪಕ್ಕದಲ್ಲಿ. ಬಾವಿ ಪೂರ್ವಕ್ಕೆ. ಇಳಿದ ದಿನ ಅಧಿಕಾರಿಗಳು ಕೇಳ್ತಾರೆ ಅಂತ ಹಡಗಿನುದ್ದಕ್ಕೂ ಬಾಯಿಪಾಠ ಮಾಡ್ದೆ. ನಮ್ಮೂರ ಬಾವಿ ಎಲ್ಲಿತ್ತು ಅಂದ್ರೆ ಈಗ ನನಗೆ ನೆನಪಿಲ್ಲ. ಕನಸಲ್ಲೂ ನಿಮ್ಮನೆ ಬಾವೀನೇ ಬರುತ್ತೆ."

ಮುದುಕಿ ಕುರ್ಚಿಯಲ್ಲೇ ಅವರ ಕಡೆ ತಿರುಗಿದಳು.

"ಪಶ್ಚಿಮಕ್ಕೆ," ಎಂದಳು. "ಬಾವಿ ಪಶ್ಚಿಮಕ್ಕಿತ್ತು ಕಣಪ್ಪ. ನನ್ನ ಗಂಡನಿಗೆ ಊರೇ ಮರ್ತುಹೋಗಿತ್ತು. ತಪ್ಪು ಹೇಳಿಕೊಟ್ಟಿದ್ದಾನೆ."

ಅಪ್ಪ ಪೊರಕೆ ಹಿಡಿದೇ ನಿಂತುಬಿಟ್ಟರು. ಅವರ ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು, ದಿಕ್ಕನ್ನು ತಿದ್ದಿಕೊಳ್ಳುತ್ತಿರುವಂತೆ. ಆಮೇಲೆ ಅವರು ಮಗಳ ಕಡೆ ನೋಡಿದರು.

"ಓದಮ್ಮ," ಎಂದರು.

*

ಮರುದಿನ ಅಡೆಲ್ ಸುದ್ದಿ ವಿಭಾಗದ ಮುಖ್ಯಸ್ಥ ಹಾರ್ಗ್ರೋವ್‌ಗೆ ಎಲ್ಲವನ್ನೂ ಹೇಳಿದಳು. ಆತ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದ.

"ಆ ತಾಯಿ ಬಗ್ಗೆ ನನಗೂ ಸಂಕಟ ಆಗುತ್ತೆ. ಆದ್ರೆ ಚೀನಾದಲ್ಲಿ ನಲವತ್ತು ವರ್ಷದ ಹಿಂದೆ ಸತ್ತ ಮಗು ಇವತ್ತಿನ ಸುದ್ದಿಯಾ? ನೀನು ಹೆಸರು ಬದಲಾಯಿಸೋ ವಿಷಯಕ್ಕೇ ಮೇಲಿನವರ ಹತ್ರ ಬೈಸ್ಕೊಂಡಿದ್ದೀನಿ. ಆ ಕುರ್ಚಿ ಕಳ್ಕೊಳ್ಳೋ ಕೆಲಸ ಮಾಡ್ಬೇಡ ಅಡೆಲ್. ನಿನ್ನ ನಂತರ ಅಲ್ಲಿಗೆ ಬರೋಕೆ ಕಾದಿರೋ ನಿಮ್ಮ ಕಡೆಯ ಹುಡುಗಿಯರನ್ನಾದ್ರೂ ನೆನೆಸ್ಕೊ."

ಅವಳು ವಾದಿಸಲಿಲ್ಲ. ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಆ ಸಂಜೆ ಬಂದರಿನ ಮುಷ್ಕರ, ಬಸ್ ದರ, ಒಂದು ಬೆಂಕಿ ಅನಾಹುತ. ಆಮೇಲೆ ಯುದ್ಧದಲ್ಲಿ ಮಡಿದ ಆಸುಪಾಸಿನ ಹುಡುಗರು. ಅಡೆಲ್ ಒಂದೊಂದೇ ಹೆಸರು, ವಯಸ್ಸು ಓದಿದಳು. ಕೊನೆಯ ಹೆಸರಾದ ಮೇಲೆ ಹವಾಮಾನ ಹೇಳುವವನಿಗೆ ಮಾತು ಬಿಟ್ಟುಕೊಡಬೇಕು. ಅವನು ನಕ್ಷೆಯ ಮುಂದೆ ಸಿದ್ಧನಾಗಿ ನಿಂತಿದ್ದ. ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟು ಕ್ಯಾಮೆರಾದ ಕಪ್ಪು ಗಾಜನ್ನೇ ನೋಡಿದಳು. ಈ ಕೋಣೆಯಲ್ಲಿ ಅದುವರೆಗೆ ಯಾರೂ ಆಡಿರದ, ಅವಳೂ ಮನೆಯಲ್ಲಿ ಮಾತ್ರ ಆಡುತ್ತಿದ್ದ ಮಾತಿನಲ್ಲಿ ಹೇಳಿದಳು:

"ಹೊಯ್‌ಪಿಂಗ್ ಸೀಮೆಯ ಕ್ವಾನ್ ಮಿಂಗ್‌ಹೋಯ್ ತೀರಿಕೊಂಡಿದ್ದಾನೆ. ವಯಸ್ಸು ಒಂಬತ್ತು. ತಾಯಿ ಇದ್ದಾಳೆ."

ಹವಾಮಾನದವನು ಬಾಯಿ ತೆರೆದು ಮುಚ್ಚಿದ. ಸ್ವಲ್ಪ ತಡವರಿಸಿ, ನಾಳೆ ಮಂಜು ಕವಿಯಲಿದೆ ಎಂದು ಶುರು ಮಾಡಿದ.

ಓಣಿಯ ಅಂಗಡಿಯಲ್ಲಿ ಮುದುಕಿಯ ಜೊತೆ ನೋಡುತ್ತಿದ್ದ ಅಪ್ಪ ಟಿವಿ ಆರಿಸಿದರು. ಗಿರಾಕಿಯ ಕುತ್ತಿಗೆಗೆ ಸುತ್ತಲೆಂದು ಒಗೆದಿಟ್ಟಿದ್ದ ಬಿಳಿ ಬಟ್ಟೆಯೊಂದನ್ನು ತೆಗೆದು, ಉದ್ದಕ್ಕೆ ಹರಿದು, ಒಂದು ಪಟ್ಟಿಯನ್ನು ಮುದುಕಿಯ ತಲೆಗೆ ಸೂತಕದ ಕ್ರಮದಲ್ಲಿ ಕಟ್ಟಿದರು. ಇನ್ನೊಂದನ್ನು ತಮ್ಮ ತೋಳಿಗೆ ಕಟ್ಟಿಕೊಳ್ಳಲು ಹೋದರು, ಒಂದೇ ಕೈಯಲ್ಲಿ ಆಗಲಿಲ್ಲ. ಮುದುಕಿ ಗಂಟು ಹಾಕಿಕೊಟ್ಟಳು. ಆಮೇಲೆ ಅವಳು ಅತ್ತಳು. ಆ ದನಿ ಕೇಳಿ ಓಣಿಯಲ್ಲಿ ಹೋಗುತ್ತಿದ್ದವರು ಬಾಗಿಲ ಬಳಿ ನಿಂತರು. ಯಾರು ಸತ್ತರೆಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಟೋಪಿ ತೆಗೆದರು.

ಸ್ಟುಡಿಯೋದ ಹೊರಗೆ ಹಾರ್ಗ್ರೋವ್ ಕಾಯುತ್ತಿದ್ದ. "ಏನು ಹೇಳ್ದೆ ನೀನು?" ಎಂದು ಕೇಳಿದ. ಅವಳು ಹೇಳಿದಳು. "ಸೋಮವಾರ ಬರ್ಬೇಡ," ಎಂದ ಆಮೇಲೆ, ಅವಳ ಮುಖ ನೋಡದೆ. "ನಾನು ಹೇಳಿ ಕಳಿಸೋವರೆಗೂ ಬರ್ಬೇಡ."

ಅಂದರೆ ಅಪ್ಪನ ನಿಜವಾದ ಹೆಸರು ಸೋಮವಾರ ಟಿವಿಯಲ್ಲಿ ಬರುವುದಿಲ್ಲ. ಎಂದಿಗೂ ಬರದೆ ಹೋಗಬಹುದು. ಅವಳು ಕೋಟು ಹಾಕಿಕೊಂಡು ಕೆಳಗಿಳಿದಳು.

ಬರ್ನಿಸ್‌ಳ ಮುಂದಿನ ಫೋನು ಹಲಗೆಯಲ್ಲಿ ಕರೆ ಬಂದಾಗ ಹೊತ್ತುವ ದೀಪಗಳೆಲ್ಲ ಹೊತ್ತಿದ್ದವು.

"ಬೈತಿದ್ದಾರಾ?" ಎಂದು ಕೇಳಿದಳು ಅಡೆಲ್.

"ಗೊತ್ತಿಲ್ಲ ಕಣೆ. ಎಲ್ಲ ನಿಮ್ಮ ಭಾಷೆ. ಬೈಯೋ ಹಾಗಿಲ್ಲ. ಎರಡು ಮೂರು ಮಾತು ಹೇಳ್ತಾರೆ, ಸುಮ್ನಾಗ್ತಾರೆ. ಫೋನು ಇಡೋದೂ ಇಲ್ಲ." ಬರ್ನಿಸ್ ಫೋನನ್ನು ಅವಳ ಕಡೆ ಚಾಚಿದಳು. "ನೀನೇ ಕೇಳು."

ಅಡೆಲ್ ಕಿವಿಗಿಟ್ಟುಕೊಂಡಳು. ಆ ಕಡೆ ಒಬ್ಬ ಮುದುಕನ ಉಸಿರು. ಹಿಂದೆಲ್ಲೋ ಪಾತ್ರೆ ತೊಳೆಯುವ ಸದ್ದು.

"ಲೌ ಗಿಮ್‌ಸಾಂಗ್," ಎಂದಿತು ದನಿ. "ಹೊಳೇಲಿ ಹೋದ. ವಯಸ್ಸು ಹನ್ನೊಂದು. ನನ್ನ ಕಾಗದದಲ್ಲಿರೋದು ಅವನ ಹೆಸರು."

ದನಿ ನಿಂತಿತು. ಅವಳು ಕೋಟು ಬಿಚ್ಚದೆ ಬರ್ನಿಸ್‌ಳ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಲೌ ಗಿಮ್‌ಸಾಂಗ್," ಎಂದಳು.

"ಹೂಂ," ಎಂದಿತು ಆ ದನಿ. ಫೋನು ಇಡಲಿಲ್ಲ.